ಅಪ್ಪನಿಗೆ ಕೇಳಿದ ಐದು ಪ್ರಶ್ನೆಗಳು

ಆಗಿನ ಕಾಲ ಎಂದು ಹೇಳಿಕೊಳ್ಳುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ. ಆದರೂ ಅದು ಆಗಿನ ಕಾಲವೇ. ನಾವಿದ್ದ ಡಚ್ ಊರು ಟಿಲ್‌ಬರ್ಗಿನಲ್ಲಿ ಕರಿಬೇವು ಬೇಕೆಂದರೆ ರೈಲು ಹತ್ತಿ ಬೇರೆ ಊರಿಗೆ ಹೋಗಬೇಕಿತ್ತು. ಗದಗಿಗೆ ಫೋನ್ ಮಾಡಲು ಅವ್ವ ಫೋನ್‌ಕಾರ್ಡಿನ ಹಿಂದಿನ ಬೂದಿ ಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆದು, ಅಲ್ಲಿದ್ದ ಉದ್ದನೆಯ ನಂಬರನ್ನು ಮಂತ್ರದ ಹಾಗೆ ಹೇಳಿಕೊಳ್ಳುತ್ತ ಒತ್ತುತ್ತಿದ್ದಳು. ಇಡೀ ಊರಿನಲ್ಲಿ ಕನ್ನಡ ಮಾತಾಡುವ ಮನೆಗಳು ನಾಲ್ಕು. ಅದರಲ್ಲಿ ಎರಡು ಮನೆಯವರು ಪರಸ್ಪರ ಮಾತು ಬಿಟ್ಟಿದ್ದರು. ಅಂಥ ಕಾಲದಲ್ಲಿ, ನನಗೆ ಹತ್ತು ತುಂಬಿದ ವರ್ಷ, ನಮ್ಮಪ್ಪ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟಗಾರನಾದ.

ನೆದರ್‌ಲ್ಯಾಂಡ್ಸಿನಲ್ಲಿ ಈ ಆಟದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಆದ್ಯ ಆಟಗಾರರ ಪಟ್ಟಿಯಲ್ಲಿ ಗದಗಿನ ಶ್ರೀಶೈಲಪ್ಪನವರ ಹೆಸರನ್ನು ಸೇರಿಸದೆ ಗತಿಯಿಲ್ಲ. ಬರೆಯಲು ಯಾರೂ ಕೂರುವುದಿಲ್ಲ ಎಂಬುದು ಬೇರೆ ಮಾತು. ಆದ್ದರಿಂದ ಆ ಹೊಣೆಯನ್ನು ನಾನೇ ಹೊರುತ್ತಿದ್ದೇನೆ. ಸದರಿ ಆಟಗಾರರು ಆಡಿದ್ದು ಒಂದೇ ಒಂದು ಋತು, ಏಪ್ರಿಲ್‌ನಿಂದ ಆಗಸ್ಟ್ ಕೊನೆಯವರೆಗೆ. ಪಂದ್ಯಗಳು ಒಂಬತ್ತು, ಗೋಲು ಏಳು, ಅಂಗಿಯ ನಂಬರ್ ನಾಲ್ಕು. ವಯಸ್ಸು ನಲವತ್ತೊಂದು. ಉದ್ಯೋಗ, ಗೋದಾಮುಗಳಲ್ಲಿ ಪೆಟ್ಟಿಗೆಗಳನ್ನು ಹೊತ್ತೊಯ್ಯುವ ಬೆಲ್ಟುಗಳ ವಿನ್ಯಾಸ.

ಅಪ್ಪ ಮಹಾ ಆಟಗಾರನೇನೂ ಆಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಧಾರವಾಡದಲ್ಲಿ ಆಟ್ಯಾಪಾಟ್ಯಾ ಆಡುತ್ತಿದ್ದನಂತೆ. ಗೆರೆಯ ಮೇಲೆ ನಿಂತವನ ಕೈಗೆ ಸಿಗದಂತೆ ಎಡಕ್ಕೆ ಹೋದ ಹಾಗೆ ಮಾಡಿ ಬಲಕ್ಕೆ ನುಸುಳುವ ಆಟ ಅದು. ಆ ವಿದ್ಯೆಗೆ ಯುರೋಪಿನಲ್ಲಿ ಉಪಯೋಗವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ, ಅಪ್ಪನಿಗೂ. ಒಂದು ಶನಿವಾರ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲುವೆಯ ದಂಡೆಯ ಮೇಲೆ ಹೋಗುತ್ತಿದ್ದಾಗ, ಪಕ್ಕದ ರಗ್ಬಿ ಮೈದಾನದಿಂದ ಮೊಟ್ಟೆಯಾಕಾರದ ಕೆಂಪು ಚೆಂಡೊಂದು ನಮ್ಮ ಮೇಲೆ ಹಾರಿ ಬಂತು. ಅಪ್ಪ ಸೈಕಲ್ ಬಿಟ್ಟು ಎಗರಿ ಅದನ್ನು ಗಾಳಿಯಲ್ಲೇ ಹಿಡಿದ. ಸೈಕಲ್ ಬಿತ್ತು, ನಾನೂ ಬಿದ್ದೆ. ನನ್ನನ್ನು ಎತ್ತುವ ಮೊದಲು ಆ ಕಡೆಯಿಂದ ಓಡಿ ಬಂದವರು ಅಪ್ಪನ ಬೆನ್ನು ತಟ್ಟಿದರು.

ಬಂದವನು ಬ್ರೆಟ್. ವಿಶ್ವವಿದ್ಯಾಲಯದಲ್ಲಿ ಏನೋ ಸಂಶೋಧನೆ ಮಾಡುತ್ತಿದ್ದ ಆಸ್ಟ್ರೇಲಿಯನ್. ಮೊಣಕಾಲಿನವರೆಗೆ ಕೆಸರು, ಮುಖದ ತುಂಬ ನಗು. ಅವನ ತಂಡಕ್ಕೆ ಒಂಬತ್ತು ಜನ ಬೇಕಿತ್ತು, ಇದ್ದವರು ಎಂಟು. ತಾಯ್ನಾಡಿನಲ್ಲಿ ಹದಿನೆಂಟು ಜನ ಆಡುವ ಆಟವಂತೆ. ಇಲ್ಲಿ ಒಂಬತ್ತೂ ಸಿಗದೆ ಒಬ್ಬ ಅಂಚೆಯವನನ್ನೂ ಒಬ್ಬ ಪಿಯಾನೋ ಮೇಷ್ಟ್ರನ್ನೂ ಸೇರಿಸಿಕೊಂಡಿದ್ದರು. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಬಹುದು, ಎಸೆಯುವ ಹಾಗಿಲ್ಲ. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ, ಯಾರೂ ಅಡ್ಡ ಬರದಂತೆ ಒಂದು ಒದೆ ನಿಮ್ಮದು. ಅಪ್ಪ ಈಗ ಮಾಡಿದ್ದು ಅದನ್ನೇ. ಬ್ರೆಟ್ ಅಷ್ಟು ವಿವರಿಸುವುದರೊಳಗೆ ಅಪ್ಪ ಪ್ಯಾಂಟನ್ನು ಮಡಚಿಕೊಂಡಾಗಿತ್ತು.

ಮನೆಗೆ ಬಂದು ಅಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: ಇನ್ನು ಮೇಲೆ ಶನಿವಾರ ಆಸ್ಟ್ರೇಲಿಯಾದವರ ಜೊತೆ ಆಡಲು ಹೋಗುತ್ತೇನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಸ್ಟ್ರೇಲಿಯಾದವರು ಆಡುತ್ತಾರೆ ಎಂದರೆ ಏನು ಆಡುತ್ತಾರೆ ಎಂದು ಕೇಳುವ ಮನೆ ಕರ್ನಾಟಕದಲ್ಲಿ ಇಲ್ಲ. ಅವ್ವ ಕೇಳಲಿಲ್ಲ. ಬದಲಿಗೆ ಟ್ರಂಕಿನ ತಳದಿಂದ ಅಪ್ಪನ ಬಿಳಿ ಪ್ಯಾಂಟ್ ತೆಗೆದು ಇಸ್ತ್ರಿ ಮಾಡಿದಳು. ಅಪ್ಪ ಅದನ್ನು ತೊಟ್ಟು ಹೊರಟ. ಕಾಲುವೆಯ ಸೇತುವೆ ದಾಟಿದ ಮೇಲೆ ಬದಲಾಯಿಸಿದ.

ಹೀಗೆ ನಮ್ಮ ಮನೆಯಲ್ಲಿ ಕ್ರಿಕೆಟ್ ಋತು ಆರಂಭವಾಯಿತು.

ಅವ್ವನಿಗೆ ಹೇಳದೇ ಇದ್ದದ್ದಕ್ಕೆ ಅಪ್ಪನ ಬಳಿ ಕಾರಣವಿತ್ತು. ಅವ್ವನ ತಮ್ಮ ಹುಡುಗನಿದ್ದಾಗ ಕಬಡ್ಡಿಯಲ್ಲಿ ಕುತ್ತಿಗೆ ಉಳುಕಿಸಿಕೊಂಡು ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಅಂದಿನಿಂದ ಮೈಗೆ ಮೈ ತಾಗುವ ಆಟವೆಂದರೆ ಅವ್ವನಿಗೆ ಆಗದು. ಕ್ರಿಕೆಟ್‌ನಲ್ಲಾದರೆ ಗಂಡಸರು ದೂರ ದೂರ ನಿಂತಿರುತ್ತಾರೆ, ಚಹಾ ಕುಡಿಯುತ್ತಾರೆ, ಅದು ಮರ್ಯಾದಸ್ಥರ ಆಟ. ಶನಿವಾರ ಅವ್ವನಿಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ನೋಡಲು ಬರುವ ಭಯವಿರಲಿಲ್ಲ. ಸಂಜೆ ಅವಳು ಬಂದು, ಎಷ್ಟು ಹೊಡೆದಿರಿ ಎಂದು ಕೇಳುತ್ತಿದ್ದಳು. ಈ ಆಟದಲ್ಲಿ ಒಂದು ಗೋಲಿಗೆ ಆರು ಅಂಕ. ಅಪ್ಪ ಗಂಭೀರವಾಗಿ, ಇವತ್ತು ಒಂದು ಸಿಕ್ಸರ್ ಎನ್ನುತ್ತಿದ್ದ. ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ.

ಆ ಶನಿವಾರಗಳ ವಾಸನೆ ನನಗೆ ಈಗಲೂ ಗೊತ್ತು. ಆಗ ತಾನೇ ಕತ್ತರಿಸಿದ ಹುಲ್ಲು, ಕಾಲುವೆಯ ನಿಂತ ನೀರು, ಗಂಡಸರು ತೊಡೆಗೆ ಉಜ್ಜಿಕೊಳ್ಳುತ್ತಿದ್ದ ಘಾಟು ಮುಲಾಮು, ಕ್ಲಬ್ಬಿನ ಕಿಟಕಿಯಿಂದ ಬರುತ್ತಿದ್ದ ಕರಿದ ಆಲೂಗಡ್ಡೆಯ ಹೊಗೆ. ಆಟಗಾರರ ಮಕ್ಕಳು ನಾಲ್ಕೈದು ಜನ ಇದ್ದೆವು. ದಂಡೆಯ ಇಳಿಜಾರಿನಲ್ಲಿ ಅಡ್ಡ ಮಲಗಿ ಕೆಳಗಿನವರೆಗೆ ಉರುಳುವುದು ನಮ್ಮ ಆಟ. ಕುರಿಯ ಹಿಕ್ಕೆ ತಾಗಿಸಿಕೊಳ್ಳದೆ ಕೆಳಗೆ ತಲುಪಿದವರು ಗೆದ್ದ ಹಾಗೆ. ವಿರಾಮದಲ್ಲಿ ಎಲ್ಲರಿಗೂ ಕಿತ್ತಳೆ ಹೋಳು. ಅವ್ವ ಚಹಾದ ವೇಳೆಗೆಂದು ಕಟ್ಟಿಕೊಟ್ಟ ಶೇಂಗಾ ಚಟ್ನಿ ಸವರಿದ ಚಪಾತಿ ಸುರುಳಿಗಳನ್ನು ಅಂಚೆಯವನು ಒಬ್ಬನೇ ಮೂರು ತಿಂದು, ನಿಮ್ಮ ಹೆಂಡತಿಯನ್ನು ಒಮ್ಮೆ ಕರೆದುಕೊಂಡು ಬನ್ನಿ ಎನ್ನುತ್ತಿದ್ದ. ಅಪ್ಪ ಬರುವ ವಾರ ಎನ್ನುತ್ತಿದ್ದ.

ವಾಸನೆಯ ಮಾತು ಬಂತು. ನಮ್ಮಪ್ಪನ ಮೂಗು ಪ್ರಖ್ಯಾತವಾದದ್ದು. ಮೆಟ್ಟಿಲ ಕೆಳಗೆ ಶೂ ಬಿಚ್ಚುತ್ತಲೇ, ಮೇಲೆ ಒಗ್ಗರಣೆಗೆ ಇಂಗು ಹಾಕಿಲ್ಲವೆಂದು ಹೇಳಬಲ್ಲವನಾಗಿದ್ದ. ಮಳೆ ಇನ್ನು ಹತ್ತು ನಿಮಿಷಕ್ಕೆ ಬರುತ್ತದೆ ಎಂದರೆ ಬರುತ್ತಿತ್ತು. ಆ ದೇಶದಲ್ಲಿ ಅದು ದೊಡ್ಡ ಪವಾಡವಲ್ಲ ಎಂದು ಅವ್ವನ ವಾದ.

ಇನ್ನು ಪ್ರಶ್ನೆಗಳ ಸಂಗತಿ. ತಂಡದ ಆರೈಕೆಗೆ ಮಾರ್ಲೂಸ್ ಎಂಬ ಹುಡುಗಿ ಬರುತ್ತಿದ್ದಳು. ಫಿಸಿಯೋಥೆರಪಿ ಓದುತ್ತಿದ್ದವಳು, ನಗುವುದು ಕಡಿಮೆ. ಯಾರ ತಲೆಗಾದರೂ ಪೆಟ್ಟು ಬಿದ್ದರೆ ಅವನನ್ನು ಗೆರೆಯಾಚೆ ಕರೆತಂದು, ಜೇಬಿನಿಂದ ಒಂದು ಹಳದಿ ಕಾರ್ಡು ತೆಗೆದು ಐದು ಪ್ರಶ್ನೆ ಕೇಳುತ್ತಿದ್ದಳು. ಈಗ ಯಾವ ಮೈದಾನದಲ್ಲಿದ್ದೇವೆ? ಇದು ಆಟದ ನಾಲ್ಕು ಭಾಗಗಳಲ್ಲಿ ಎಷ್ಟನೆಯದು? ಕೊನೆಯ ಗೋಲು ಯಾರದು? ಹೋದ ಸಲ ಯಾರೊಂದಿಗೆ ಆಡಿದೆವು? ಗೆದ್ದೆವೋ ಸೋತೆವೋ? ಒಂದು ತಪ್ಪಿದರೂ ಆ ದಿನ ಆಟ ಮುಗಿಯಿತು, ಮೇಲೆ ಮೂರು ವಾರ ಮನೆ. ಜೂನ್ ತಿಂಗಳಲ್ಲಿ ಪಿಯಾನೋ ಮೇಷ್ಟ್ರು ಎರಡನೇ ಪ್ರಶ್ನೆಯಲ್ಲೇ ಫೇಲಾಗಿ ಅಳುಮುಖ ಮಾಡಿಕೊಂಡು ಹೋದರು.

ಅಪ್ಪ ಇದನ್ನು ನೋಡಿ ಬೆರಗಾದ. ಬಂದದ್ದು ಗದಗಿನ ಮುನ್ಸಿಪಲ್ ಶಾಲೆಯಿಂದ. ರ್‍ಯಾಂಕ್ ಇಲ್ಲದೆ ಊಟವಿಲ್ಲ ಎಂಬ ಮನೆಯಿಂದ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದೂ ಒಬ್ಬ ಮನುಷ್ಯ ನಪಾಸಾಗುವುದು ಅವನ ತಿಳಿವಳಿಕೆಗೆ ಮೀರಿದ್ದು. ಮನೆಗೆ ಹೋಗುವಾಗ ಸೈಕಲ್ ತುಳಿಯುತ್ತ ಹೇಳಿದ:

“ಐದ ಪ್ರಶ್ನಿ ಅದಾವ. ಪ್ರತಿ ಸಲಾನೂ ಅವ ಐದು. ಓದ್ಕೊಂಡು ಬರಾಕ ಏನಾಗೇತಿ ಇವರಿಗೆ?”

ಮುಂದಿನ ಶನಿವಾರದಿಂದ ದಾರಿಯಲ್ಲಿ ನಾನು ಅಪ್ಪನ ಬೆನ್ನ ಹಿಂದೆ ಕೂತು ಪ್ರಶ್ನೆ ಕೇಳುವುದು, ಅವನು ಉತ್ತರ ಒಪ್ಪಿಸುವುದು. ಮೈದಾನದ ಹೆಸರು, ಹೋದ ಸಲದ ತಂಡದ ಹೆಸರು ಬಾಯಿಪಾಠವಾದವು. ಐದನೆಯದಕ್ಕೆ ತಯಾರಿಯೇ ಬೇಕಿರಲಿಲ್ಲ. ನಾವು ಯಾವಾಗಲೂ ಸೋತಿರುತ್ತಿದ್ದೆವು. ಉಳಿದವು ಎರಡು: ಎಷ್ಟನೇ ಭಾಗ, ಕೊನೆಯ ಗೋಲು ಯಾರದು. ಅವನ್ನು ಮೊದಲೇ ಓದಿಕೊಂಡು ಬರುವಂತಿಲ್ಲ. ಅಪ್ಪ ಸೇತುವೆಯ ಏರನ್ನು ಒತ್ತಿ ತುಳಿದ. ಆಮೇಲೆ, ತಾನು ಎಸ್ಸೆಸ್ಸೆಲ್ಸಿ ಬರೆಯುವಾಗ ಹಾಲ್‌ನ ಕಿಟಕಿಯ ಹೊರಗೆ ಜನ ನಿಂತು ಏನೇನು ಮಾಡುತ್ತಿದ್ದರು ಎಂಬ ಕಥೆ ಹೇಳಿದ. ತಾನು ಎಂದೂ ಆ ಕಡೆ ನೋಡಿದವನಲ್ಲ ಎಂದೂ ಸೇರಿಸಿದ. ಹೀಗೆ ನಮ್ಮ ಸಂಕೇತ ಹುಟ್ಟಿತು. ನಾನು ಮಾರ್ಲೂಸಳ ಬೆನ್ನ ಹಿಂದೆ ನಿಲ್ಲಬೇಕು. ಬಲಗೈ ಬೆರಳು ಎಷ್ಟೋ ಅಷ್ಟನೇ ಭಾಗ. ಎಡಗೈ ಬೆರಳು, ಗೋಲು ಹೊಡೆದ ನಮ್ಮವನ ನಂಬರ್; ಐದರ ಮೇಲಿನ ನಂಬರಿನವರು ಗೋಲು ಹೊಡೆದದ್ದೇ ಇಲ್ಲ. ಎದುರಿನವರ ಗೋಲಾದರೆ ಎಡಮುಷ್ಟಿ.

ನನಗೆ ಅದೊಂದು ಭಾರೀ ಗೌರವ ಅನ್ನಿಸಿತು. ಉರುಳಾಟ ಬಿಟ್ಟು ಗೆರೆಯ ಹತ್ತಿರ ನಿಂತು ಗೋಲು ನೆನಪಿಡತೊಡಗಿದೆ. ಜುಲೈ ಪೂರ್ತಿ ಯಾರೂ ಅಪ್ಪನ ತಲೆಗೆ ತಾಗಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಸರವೇ ಆಗಿತ್ತು.

ಆಗಸ್ಟ್ ಕೊನೆಯ ಶನಿವಾರ ಬೆಲ್ಜಿಯಂ ಕಡೆಯಿಂದ ಒಂದು ತಂಡ ಬಂದಿತ್ತು. ಬೆಳಗ್ಗೆ ಮಳೆಯಾಗಿ ಬಿಟ್ಟಿತ್ತು, ಹುಲ್ಲು ಜಾರುತ್ತಿತ್ತು. ಋತುವಿನಲ್ಲಿ ಮೊದಲ ಸಲ ನಾವು ಮುಂದಿದ್ದೆವು. ಮೂರನೇ ಭಾಗದಲ್ಲಿ ಬ್ರೆಟ್ ಎರಡು ಗೋಲು ಹೊಡೆದಿದ್ದ. ಅವನ ನಂಬರ್ ಎರಡು. ಆಮೇಲೆ ಎತ್ತರದ ಒಂದು ಚೆಂಡಿಗೆ ಅಪ್ಪ ಎಗರಿದ, ಹಿಂದಿನಿಂದ ಇನ್ನೊಬ್ಬನೂ ಎಗರಿದ. ಅವನ ಮೊಣಕಾಲು ಅಪ್ಪನ ತಲೆಯ ಹಿಂಭಾಗಕ್ಕೆ ಬಡಿಯಿತು. ಯಾರದ್ದೂ ತಪ್ಪಲ್ಲ, ಆ ಆಟದಲ್ಲಿ ಹಾಗೆಯೇ ಎಗರುವುದು. ದೊಡ್ಡ ಸದ್ದೇನೂ ಆಗಲಿಲ್ಲ. ಅಪ್ಪ ಚೆಂಡನ್ನು ಬಿಟ್ಟಿರಲಿಲ್ಲ. ಎದ್ದು ಕೂತ, ನಿಂತ, ತಾನಾಗಿಯೇ ನಡೆದು ಗೆರೆಯ ಹತ್ತಿರ ಬಂದ. ಮಾರ್ಲೂಸ್ ದೂರದ ಬೆಂಚಿನಿಂದ ಚೀಲ ತೆಗೆದುಕೊಂಡು ಓಡಿ ಬರುತ್ತಿದ್ದಳು.

ಅವಳು ಬರುವ ಮೊದಲು ಅಪ್ಪ ನನ್ನ ಮುಖ ನೋಡಿ ನಕ್ಕ. ಮೆಲ್ಲಗೆ, ಸಣ್ಣ ಹುಡುಗರ ದನಿಯಲ್ಲಿ ಕೇಳಿದ:

“ಅಕ್ಕಾ, ಸಾಲಿ ಬಿಟ್ಟಿತೇನು?”

ಅಪ್ಪನಿಗೆ ಒಬ್ಬ ಅಕ್ಕ ಇದ್ದಳು, ಶಾಂತಕ್ಕ. ಶಾಲೆ ಬಿಟ್ಟ ಮೇಲೆ ಅವನನ್ನು ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದವಳು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಫೋಟೋದಲ್ಲಿ ನೋಡಿದ್ದೆ.

ಆ ಮೈದಾನದಲ್ಲಿ ಹದಿನೆಂಟು ಆಟಗಾರರು, ಒಬ್ಬ ಅಂಪೈರ್, ನೋಡಲು ಬಂದ ಇಪ್ಪತ್ತು ಮೂವತ್ತು ಜನ. ಅಪ್ಪ ಆಡಿದ ಮಾತು ಅರ್ಥವಾದದ್ದು ನನಗೊಬ್ಬಳಿಗೆ. ಮಾರ್ಲೂಸ್‌ಗೆ ಕೇಳಿಸಿದ್ದರೂ ಅವಳಿಗದು ಯಾವುದೋ ಭಾಷೆಯ ಯಾವುದೋ ಮಾತು; ಅಪ್ಪ ಮಗಳಿಗೆ ಏನೋ ಹೇಳುತ್ತಿದ್ದಾನೆ ಅಷ್ಟೇ. ನನಗೆ ಡಚ್ ಚೆನ್ನಾಗಿ ಬರುತ್ತಿತ್ತು. ಅವನು ನನ್ನನ್ನು ಗುರುತಿಸುತ್ತಿಲ್ಲ ಎಂದು ಹೇಳಲು ಒಂದೇ ವಾಕ್ಯ ಸಾಕಿತ್ತು. ಅದು ಬಾಯಿಯವರೆಗೂ ಬಂದಿತ್ತು.

ಮಾರ್ಲೂಸ್ ಕಾರ್ಡು ತೆಗೆದಳು. ನಾನು ಅವಳ ಬೆನ್ನ ಹಿಂದೆ ಹೋಗಿ ನಿಂತೆ.

ಮೊದಲನೆಯದಕ್ಕೆ ಅಪ್ಪ ಮೈದಾನದ ಹೆಸರನ್ನು ಪಟ್ಟನೆ ಹೇಳಿದ. ಬಾಯಿಪಾಠ. ಎರಡನೆಯದಕ್ಕೆ ತಡೆದ. ಅವನ ಕಣ್ಣು ಅವಳ ಭುಜದ ಮೇಲಿನಿಂದ ನನ್ನ ಕಡೆ ಬಂತು. ಬರಬೇಕೆಂದು ಅವನಿಗೆ ನೆನಪಿತ್ತೋ, ಪಾಠ ಮರೆತ ಹುಡುಗ ಅಕ್ಕನ ಕಡೆ ನೋಡಿದ್ದೋ, ನನಗೆ ಗೊತ್ತಿಲ್ಲ. ನಾನು ಬಲಗೈಯ ಮೂರು ಬೆರಳು ಎತ್ತಿದೆ. ಮೂರು, ಅಂದ. ಎಡಗೈಯ ಎರಡು ಬೆರಳು ಎತ್ತಿದೆ. ನಂಬರ್ ಎರಡು, ಬ್ರೆಟ್, ಅಂದ. ನಾಲ್ಕನೆಯದು ಬಾಯಿಪಾಠ. ಐದನೆಯದಕ್ಕೆ, ಸೋತೆವು ಎಂದು ಅವನು ಹೇಳಿದ ರೀತಿಗೆ ಮಾರ್ಲೂಸ್ ಕೂಡ ನಕ್ಕಳು. ಆ ವರ್ಷ ಅವಳು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ. ಬೆನ್ನು ತಟ್ಟಿ ಒಳಗೆ ಕಳಿಸಿದಳು.

ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಒಳ್ಳೆಯ ಉತ್ತರಗಳು ಸಿಕ್ಕಿವೆ: ಹತ್ತು ವರ್ಷ, ಮಾತು ಕೊಟ್ಟಿದ್ದೆ, ಅವ್ವನಿಗೆ ಗೊತ್ತಾಗುತ್ತದೆಂಬ ಭಯ. ಇವೆಲ್ಲ ಆಮೇಲೆ ಹೊಂದಿಸಿಕೊಂಡವು. ಅಲ್ಲಿ ನಿಂತಾಗ ನನ್ನ ತಲೆಯಲ್ಲಿದ್ದದ್ದು, ನಾವು ಗೆಲ್ಲುತ್ತಿದ್ದೇವೆ ಎಂಬುದು. ಮತ್ತು ಎರಡು ತಿಂಗಳಿಂದ ಕಾದಿದ್ದ ನನ್ನ ಸರದಿ ಬಂದಿದೆ ಎಂಬುದು.

ಏಳೆಂಟು ನಿಮಿಷದ ಮೇಲೆ ಅಪ್ಪನಿಗೆ ಯಾರೋ ಭುಜ ತಾಗಿಸಿದರು. ಅಂಥದ್ದು ಆಟದಲ್ಲಿ ನೂರು ಸಲ ಆಗುತ್ತದೆ. ಅಪ್ಪ ಕೂತ ಹಾಗೆ ಬಿದ್ದ, ತಲೆ ಹಿಂದಕ್ಕೆ ಹೋಗಿ ಮೆತ್ತಗಿನ ನೆಲಕ್ಕೆ ತಾಗಿತು. ಮತ್ತೆ ಎದ್ದ. ಯಾರೂ ಗಮನಿಸಲಿಲ್ಲ, ಚೆಂಡು ಬೇರೆ ಕಡೆ ಇತ್ತು. ನಾವು ಗೆದ್ದೆವು. ಎಲ್ಲರೂ ಭುಜಕ್ಕೆ ಭುಜ ಹಿಡಿದು ಗುಂಡಗೆ ನಿಂತು ಹಾಡಿದರು. ಅಪ್ಪನೂ ಬಾಯಿ ಆಡಿಸುತ್ತಿದ್ದ. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಆಡಿಸಿದ.

ಮನೆಗೆ ಹೋಗುವಾಗ ಸೇತುವೆ ದಾಟಿ ಮೊದಲ ವೃತ್ತದಲ್ಲಿ ಅಪ್ಪ ಸೈಕಲ್ ನಿಲ್ಲಿಸಿದ. ನಾಲ್ಕು ದಾರಿಯನ್ನೂ ಒಂದೊಂದಾಗಿ ನೋಡಿದ. ಕಾರುಗಳು ನಮ್ಮನ್ನು ಸುತ್ತಿ ಹೋಗುತ್ತಿದ್ದವು.

“ಎತ್ತಾಗ ಹೋಗೂಣು?” ಎಂದು ಕೇಳಿದ.

ಹಾಲೆಂಡಿಗೆ ಬಂದ ನಾಲ್ಕು ವರ್ಷದಲ್ಲಿ ಅವನು ನನಗೆ ದಾರಿ ಕೇಳಿದ್ದು ಅದೇ ಮೊದಲು. ನಾನು ಕೆಳಗಿಳಿದು ಹ್ಯಾಂಡಲ್ ಹಿಡಿದು ಮುಂದೆ ನಡೆದೆ. ಅವನು ಸೀಟಿನ ಮೇಲೆ ಕೈಯಿಟ್ಟು ಹಿಂದೆ ಬಂದ. ಬಿಳಿ ಪ್ಯಾಂಟ್ ಹಾಕಿಕೊಳ್ಳುವುದು ಇಬ್ಬರಿಗೂ ಮರೆತಿತ್ತು.

ಅವ್ವನಿಗೆ ಹೇಳಿದ್ದು, ಚೆಂಡು ತಗುಲಿತು ಎಂದು. ಕೆಸರಿನ ಚಡ್ಡಿ ನೋಡಿ ಅವಳು ಏನೋ ಕೇಳಲು ಹೊರಟಳು. ಅಷ್ಟರಲ್ಲಿ ಅಪ್ಪ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಸೋಮವಾರ ಬೆಳಗ್ಗೆ ನಮ್ಮ ಬಡಾವಣೆಯ ವೈದ್ಯೆಯ ಬಳಿಗೆ ಮೂವರೂ ಹೋದೆವು. ಅವ್ವನ ಡಚ್ ಅಂಗಡಿ ಬಾಗಿಲಿನವರೆಗಿನದು. ಅಪ್ಪ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ. ಹೀಗಾಗಿ ದುಭಾಷಿಯ ಸ್ಥಾನ ನನಗೆ ಬಂತು. ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಈ ಪದವಿ ಬೇಗ ದೊರೆಯುತ್ತದೆ. ಅದರ ಜೊತೆಗೆ ಎಷ್ಟು ಅಧಿಕಾರ ಬರುತ್ತದೆಂದು ಯಾರೂ ಹೇಳುವುದಿಲ್ಲ.

ವೈದ್ಯೆ ಡಚ್‌ನಲ್ಲಿ ಕೇಳಿದಳು: ಪೆಟ್ಟು ಒಂದೇ ಸಲ ಬಿತ್ತೋ, ಎರಡು ಸಲವೋ? ಮೊದಲ ಪೆಟ್ಟಿನ ಮೇಲೆ ತಕ್ಷಣ ಆಟ ನಿಲ್ಲಿಸಿದರೋ?

ಅವ್ವ ನನ್ನನ್ನು ನೋಡಿದಳು. “ಏನಂತ?”

“ಏನ್ ತಗುಲಿತು ಅಂತ ಕೇಳಾಕತ್ತಾರ,” ಅಂದೆ.

“ಚೆಂಡು ಅಂತ ಹೇಳು.”

ನಾನು ವೈದ್ಯೆಗೆ ಹೇಳಿದೆ: ಚೆಂಡು. ಒಂದೇ ಸಲ. ಆಮೇಲೆ ಆಡಲಿಲ್ಲ.

ಅವಳು ಅದನ್ನೇ ಬರೆದುಕೊಂಡಳು. ಮೂರು ದಿನ ವಿಶ್ರಾಂತಿ, ಪ್ಯಾರಾಸಿಟಮಾಲ್. ಆ ದೇಶದ ಸಮಸ್ತ ರೋಗಗಳಿಗೂ ಅದೇ ಔಷಧಿ, ಇದರಲ್ಲಿ ವಿಶೇಷವಿಲ್ಲ. ನಾನು ಬೇರೆ ಉತ್ತರ ಕೊಟ್ಟಿದ್ದರೆ ಬೇರೆ ಏನಾದರೂ ಆಗುತ್ತಿತ್ತೇ? ಮುಂದೆ ದೊಡ್ಡಾಸ್ಪತ್ರೆಯ ನರರೋಗ ವೈದ್ಯರನ್ನು ಕೇಳಬಹುದಿತ್ತು. ದುಭಾಷಿ ನಾನೇ ಆಗಿದ್ದೆ. ಕೇಳಲಿಲ್ಲ.

ನಾಲ್ಕನೇ ದಿನ ಅಪ್ಪ ಕೆಲಸಕ್ಕೆ ಹೋದ. ಮಧ್ಯಾಹ್ನದೊಳಗೆ ಸಹೋದ್ಯೋಗಿಯೊಬ್ಬ ಕಾರಿನಲ್ಲಿ ತಂದು ಬಿಟ್ಟ. ಗೋದಾಮಿನ ದೀಪಗಳು ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತಿವೆ ಅಂದನಂತೆ. ಅಂದಿನಿಂದ ನಮ್ಮ ಮನೆಯ ಪರದೆಗಳು ಮುಚ್ಚಿದವು, ತೆರೆದದ್ದು ಜನವರಿಯಲ್ಲಿ. ಸಾಸಿವೆ ಸಿಡಿಯುವ ಸದ್ದು ತಡೆಯುವುದಿಲ್ಲವೆಂದು ಅವ್ವ ಒಗ್ಗರಣೆ ನಿಲ್ಲಿಸಿದಳು. ಸ್ಟೀಲ್ ತಟ್ಟೆಗಳು ಹೋಗಿ ಪ್ಲಾಸ್ಟಿಕ್ ತಟ್ಟೆ ಬಂದವು. ನಾನು ಶಾಲೆಯಿಂದ ಬಂದರೆ ಕಾಲ್ಚೀಲದಲ್ಲೇ ನಡೆಯಬೇಕು, ಪಿಸುದನಿಯಲ್ಲೇ ಮಾತಾಡಬೇಕು. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿ, ಹತ್ತಿ, ಮನೆ ತುಂಬ ಸುಟ್ಟ ಕಮಟು. ಅಪ್ಪ ಅದೇ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವ್ವ ಓಡಿ ಬಂದು ಒಲೆ ಆರಿಸಿ ಅವನ ಕಡೆ ತಿರುಗಿದಳು. ಅಪ್ಪ ಕರ್ರಗಾದ ಪಾತ್ರೆಯನ್ನೂ ಅವಳನ್ನೂ ನೋಡಿದ. ಆಗ ಇಬ್ಬರಿಗೂ ಒಟ್ಟಿಗೆ ತಿಳಿಯಿತು. ಮೂಗು ಹೋಗಿತ್ತು. ಅದು ಮತ್ತೆ ಬರಲಿಲ್ಲ.

ಅಕ್ಟೋಬರ್‌ನಲ್ಲಿ ಬ್ರೆಟ್ ನೋಡಲು ಬಂದ. ಹೂವು, ನಾಲ್ಕನೇ ನಂಬರಿನ ಅಂಗಿ, ತಂಡದವರೆಲ್ಲ ಸಹಿ ಮಾಡಿದ ಆ ಕೆಂಪು ಚೆಂಡು ತಂದಿದ್ದ. ಅಪ್ಪ ಆ ದಿನ ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಅವ್ವ ಅವನಿಗೆ ಚಹಾ ಕೊಟ್ಟಳು, ಬಾಗಿಲವರೆಗೆ ಕಳಿಸಿ ಬಂದಳು. ಆಮೇಲೆ ಊಟದ ಮೇಜಿನ ಮುಂದೆ ಕೂತು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಇದೇನು, ಕ್ರಿಕೆಟ್ ಚೆಂಡು ನೀರಾಗ ನೆನದು ಉಬ್ಬೇತೇನು?”

ನಾನು ಬ್ರೆಟ್ ಕುಡಿದಿಟ್ಟ ಚಹಾದ ಕಪ್ಪನ್ನು ತೊಳೆಯಲು ಎತ್ತಿಕೊಂಡೆ.

“ನಿನಗ ಗೊತ್ತಿತ್ತೇನ?”

“ಗೊತ್ತಿತ್ತು.”

“ಎಲ್ಲಾ?”

“ಎಲ್ಲಾ,” ಅಂದೆ. ಅವಳು ಕೇಳಿದ್ದು ಆಟದ ಬಗ್ಗೆ. ಆ ಪ್ರಶ್ನೆಗೆ ಅದು ಪ್ರಾಮಾಣಿಕ ಉತ್ತರ. ಅವ್ವ ಬೈಯಲಿಲ್ಲ. ಬೈಯಲು ಆ ಮನೆಯಲ್ಲಿ ದನಿಯೆತ್ತುವ ಹಾಗಿರಲಿಲ್ಲ. ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಪ್ಯಾಂಟನ್ನು ಮಾತ್ರ ಮರುದಿನ ಹರಿದು ನೆಲ ಒರೆಸಲು ಇಟ್ಟಳು.

ಆದ್ಯ ಆಟಗಾರ ಶ್ರೀಶೈಲಪ್ಪನವರ ಮುಂದಿನ ಚರಿತ್ರೆ ಸಂಕ್ಷಿಪ್ತ. ಫೆಬ್ರವರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಮರಳಿದರು. ಬೆಲ್ಟುಗಳ ವಿನ್ಯಾಸ ಮಾಡುವುದು ಮತ್ತೆ ಆಗಲಿಲ್ಲ. ಬೇರೆಯವರು ಮಾಡಿದ ವಿನ್ಯಾಸಕ್ಕೆ ಬಿಡಿಭಾಗಗಳ ಪಟ್ಟಿ ಸರಿಯಿದೆಯೇ ಎಂದು ನೋಡುವ ಕೆಲಸ ಕೊಟ್ಟರು, ನಿವೃತ್ತಿಯವರೆಗೆ ಅದನ್ನೇ ನಿಷ್ಠೆಯಿಂದ ಮಾಡಿದರು. ತಂಡ ಮುಂದಿನ ವರ್ಷವೇ ಜನ ಸಾಲದೆ ನಿಂತಿತು. ಆ ಮೈದಾನವಿದ್ದಲ್ಲಿ ಈಗ ಬೃಹದಾಕಾರದ ಗೋದಾಮೊಂದಿದೆ. ಕಳೆದದ್ದರ ಪಟ್ಟಿಯಲ್ಲಿ ಇವೆಲ್ಲ ಸಣ್ಣವು. ಕಥೆ ಹೇಳುವಾಗ ನಡುವೆ ತಾನೇ ನಕ್ಕು ಕಥೆ ಕೆಡಿಸುತ್ತಿದ್ದ ಒಬ್ಬ ಅಪ್ಪನಿದ್ದ. ಅವನ ಜಾಗದಲ್ಲಿ ಈಗ ಇರುವವನೂ ಒಳ್ಳೆಯವನೇ. ಆದರೆ ಇವನು ಗದ್ದಲಕ್ಕೆ ಬೆಚ್ಚುತ್ತಾನೆ, ಸಣ್ಣದಕ್ಕೆ ಸಿಡುಕುತ್ತಾನೆ, ಸಿಡುಕಿದ್ದಕ್ಕೆ ಆಮೇಲೆ ಅಳುತ್ತಾನೆ. ಅವ್ವ ಇಬ್ಬರೊಂದಿಗೂ ಸಂಸಾರ ಮಾಡಿದ್ದಾಳೆ. ಯಾರು ಮೇಲು ಎಂದು ಅವಳನ್ನು ಕೇಳುವ ಧೈರ್ಯ ನನಗಿಲ್ಲ.

ಈ ವಸಂತದಲ್ಲಿ ನಾನು ಈಗಿರುವ ಲೈಡನ್‌ನಿಂದ ರೈಲು ಹಿಡಿದು ಅಪ್ಪ ಅವ್ವನ ಮನೆಗೆ ಹೋದೆ. ಹೇಳಲೇಬೇಕೆಂದು ನಿರ್ಧರಿಸಿಕೊಂಡು ಹೋದದ್ದು. ಅವ್ವ ತರಕಾರಿಗೆ ಹೋಗಿದ್ದಳು. ಅಪ್ಪ ಕಿಟಕಿಯ ಬಳಿ ಅವರೆಕಾಯಿ ಸುಲಿಯುತ್ತಿದ್ದ. ಈಗ ಟಿಲ್‌ಬರ್ಗಿನಲ್ಲಿ ಅವರೆಕಾಯಿಯೂ ಸಿಗುತ್ತದೆ. ನಾನೂ ಕೂತು ಸುಲಿಯುತ್ತ, ಆ ದಿನ ಮಾರ್ಲೂಸ್ ಪ್ರಶ್ನೆ ಕೇಳಿದಾಗ ನೀನು ನನ್ನನ್ನು ಅಕ್ಕಾ ಅಂದಿದ್ದೆ, ನಿನಗೆ ಏನೂ ಗೊತ್ತಾಗುತ್ತಿರಲಿಲ್ಲ, ಅದು ತಿಳಿದೂ ನಾನು ಉತ್ತರ ತೋರಿಸಿದೆ, ಅದಕ್ಕೇ ನಿನ್ನನ್ನು ಒಳಗೆ ಕಳಿಸಿದರು ಎಂದು ಪೂರ್ತಿ ಹೇಳಿದೆ. ಇಪ್ಪತ್ತೊಂದು ವರ್ಷ ತಡೆದದ್ದನ್ನು ಹೇಳಲು ಎರಡು ನಿಮಿಷ ಹಿಡಿಯಿತು.

ಅಪ್ಪನ ಕೈ ನಿಂತಿತು. ಕೋಪದಿಂದ ಅವನ ಕತ್ತು ಕೆಂಪಾಗುವುದು ಕಂಡಿತು.

“ಯಾರ್ ಹೇಳಿದ್ದು ನಿನಗ? ಐದೂ ನಾನ ಹೇಳಿದ್ದು.”

ಒಂದೊಂದಾಗಿ ಹೇಳಿದ. ಮೈದಾನದ ಹೆಸರು. ಮೂರನೇ ಭಾಗ. ನಂಬರ್ ಎರಡು, ಬ್ರೆಟ್. ಹಿಂದಿನ ಸಲದ ತಂಡ. ಸೋತಿದ್ದೆವು. ಎಲ್ಲವೂ ಸರಿಯಾಗಿದ್ದವು.

“ಮ್ಯಾಲಿಂದ ಬಿದ್ದದ್ದು ನೆನಪಿಲ್ಲ, ಮನೀಗೆ ಬಂದದ್ದು ನೆನಪಿಲ್ಲ. ಆ ವರ್ಷ ನಿನ್ನ ಹುಟ್ಟುಹಬ್ಬ ಮಾಡಿದ್ವೋ ಇಲ್ಲೋ ಅದೂ ನೆನಪಿಲ್ಲ. ಇದೊಂದು ಉಳದೈತಿ ನನಗ. ತಲಿ ಹಂಗ ಆಗಿದ್ರೂ ಐದಕ್ಕ ಐದು ಹೇಳಿದ್ನೆಲ್ಲ, ಅದೊಂದು.” ದನಿ ಇಳಿಯಿತು. “ಇದನ್ನೂ ಒಯ್ತೀಯೇನು, ಸುಮಿ?”

ನಾನು ಅವರೆಕಾಯಿಯ ಸಿಪ್ಪೆಯನ್ನು ಒಂದು ಕಡೆ ಸರಿಸಿದೆ.

“ಇಲ್ಲಪ್ಪಾ. ನೀನ ಹೇಳಿದ್ದು. ನನಗ ತಪ್ಪ ನೆನಪು.”

“ಹೂಂ,” ಎಂದು ಅಪ್ಪ ಮತ್ತೆ ಸುಲಿಯತೊಡಗಿದ. ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಅವಳಿಗೆ ಅವನು ಖುಷಿಯಿಂದ ಐದಕ್ಕೆ ಐದರ ಕಥೆಯನ್ನು ಮೊದಲಿನಿಂದ ಹೇಳಿದ. ಅವಳು ಚೀಲ ಕೆಳಗಿಟ್ಟು, ಹೌದೇನ್ರಿ, ಹೌದೇನ್ರಿ ಎನ್ನುತ್ತ ಕೇಳಿದಳು. ನಡುವೆ ಒಮ್ಮೆ ನನ್ನ ಮುಖ ನೋಡಿದಳು.

ಆ ಮೈದಾನದಲ್ಲಿ ನಾನು ಮಾಡಿದ್ದಕ್ಕೆ ಇದ್ದ ಸಾಕ್ಷಿ ಒಬ್ಬನೇ, ಅವನು ನನ್ನ ಪರವಾಗಿ ಹೇಳಿಕೆ ಕೊಟ್ಟುಬಿಟ್ಟಿದ್ದಾನೆ. ಮೊಕದ್ದಮೆ ಅಲ್ಲಿಗೆ ಮುಗಿಯಬಹುದಿತ್ತು. ಅಪ್ಪ ಈಗ ಏನನ್ನೂ ಓದುವುದಿಲ್ಲ. ಅಕ್ಷರಗಳ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟರೂ ತಲೆ ನೋಯುತ್ತದೆ. ಅವ್ವ ಓದುತ್ತಾಳೆ. ಡಚ್ ಅವಳಿಗೆ ಇವತ್ತಿಗೂ ಕಷ್ಟ, ಇಂಗ್ಲಿಷ್ ಬೇಸರ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ.